ಏಳನೇ ಮಂಚದ ದೂರು

ಎಪ್ಪತ್ತರ ದಶಕದ ನಡುವಿನ ಮಾತು. ಅನುದಾನ ಪಡೆಯುವ ವೃದ್ಧಾಶ್ರಮಗಳನ್ನು ನೋಡಿ ವರದಿ ಬರೆಯುವ ಸರ್ಕಾರಿ ಕೆಲಸಕ್ಕೆ ಸೇರಿ ನನಗೆ ಮೂರು ತಿಂಗಳಾಗಿತ್ತು. ಹೊಸಬರಿಗೆ ನಿಯಮದ ಹುಚ್ಚು ಹೆಚ್ಚು. ನನಗಂತೂ ತುಸು ಜಾಸ್ತಿಯೇ ಇತ್ತು.

ಅಂದು ಹೋದದ್ದು ನಾಯಂಡಹಳ್ಳಿ ದಾಟಿ ಕೆಂಗೇರಿ ಕಡೆಗಿದ್ದ ಒಂದು ಹೆಂಚಿನ ಮನೆಗೆ. ಹನ್ನೆರಡು ಅಜ್ಜಿಯರು, ಒಬ್ಬ ಮ್ಯಾನೇಜರು. ಮಂಚಗಳ ಮೇಲೆ ಹೊಸ ಹೊದಿಕೆ. ಟ್ರಂಕಿನ ಮಡಿಕೆ ಇನ್ನೂ ಬಿಟ್ಟಿರಲಿಲ್ಲ. ನಾನು ಬರುವುದು ಇವರಿಗೆ ಮೊದಲೇ ಗೊತ್ತಿತ್ತು ಅಂದುಕೊಂಡೆ. ಮ್ಯಾನೇಜರು ಕಾಫಿಗೆ ಹೇಳಲು ಹೊರಗೆ ಹೋದದ್ದೇ ತಡ, ಏಳನೇ ಮಂಚದ ಅಜ್ಜಿ ನನ್ನ ಸೆರಗು ಹಿಡಿದೆಳೆದರು.

"ಸಂಜೆ ಆರಕ್ಕೇ ಹೊರಗಡೆಯಿಂದ ಚಿಲಕ ಹಾಕ್ಬಿಡ್ತಾರೆ ತಾಯಿ. ಬೆಂಕಿ ಗಿಂಕಿ ಬಿದ್ರೆ ನಾವು ಎಲ್ಲಿಗೆ ಹೋಗೋದು? ನಾನು ಹೇಳ್ದೆ ಅಂತ ಮಾತ್ರ ಗೊತ್ತಾಗ್ಬಾರ್ದು. ಹೋದ್ಸಲ ಬಾಯಿ ಬಿಟ್ಟೋಳನ್ನ ಹಿಂದಿನ ಕೋಣೇಲಿ ಕೂಡಿ ಹಾಕಿದ್ರು."

"ಹೆದರ್ಬೇಡಿ ಅಜ್ಜಿ, ನಾನಿದೀನಲ್ಲ" ಎಂದೆ. ಎಂಥ ಜಂಬ!

ಕಾರ್ಬನ್ ಇಟ್ಟು ವರದಿ ಬರೆದೆ. ಮೇಲಿನ ಹಾಳೆ ಕಚೇರಿಗೆ. ಅಡಿಯದನ್ನು ಸಹಿ ಹಾಕಿಸಿಕೊಂಡು ಆಶ್ರಮಕ್ಕೇ ಕೊಟ್ಟು ಬರುವುದು ಪದ್ಧತಿ. ಮ್ಯಾನೇಜರು ಓದದೆಯೇ ಸಹಿ ಹಾಕಿ ನಕ್ಕರು.

ಬಸ್ಸಿನಲ್ಲಿ ಕೂತು ವರದಿ ತೆರೆದು ಓದಿಕೊಂಡೆ. ದೂರು ಯಾರದು ಎಂಬ ಕಾಲಮ್ಮಿನಲ್ಲಿ ನನ್ನದೇ ದುಂಡು ಅಕ್ಷರ: ಮಂಚ ಸಂಖ್ಯೆ ಏಳು. ಯಾವ ಕಾಲಮ್ಮೂ ಖಾಲಿ ಇರಬಾರದೆಂದು ನಮ್ಮ ಕಚೇರಿಯ ಸಾಹೇಬರು ಹೇಳಿದ್ದರು. ಕೈ ತಾನಾಗಿ ತುಂಬಿಬಿಟ್ಟಿತ್ತು. ಅದರ ನಕಲು ಈಗ ಮ್ಯಾನೇಜರ ಮೇಜಿನ ಮೇಲಿದೆ!

ಮುಂದಿನ ಸ್ಟಾಪಿನಲ್ಲೇ ಇಳಿದು, ಮೈಸೂರು ರಸ್ತೆಯ ಲಾರಿಗಳ ಧೂಳಿನಲ್ಲಿ ಬಂದ ದಾರಿಯನ್ನೇ ಹಿಡಿದೆ. ಅಜ್ಜಿಯನ್ನು ಹೊಡೆದಿದ್ದರೆ? ಬೀದಿಗೆ ತಳ್ಳಿದ್ದರೆ? ನನ್ನ ಕೆಲಸ ಹೋದರೆ ಎಂಬ ಭಯವೂ ನಡುವೆ ಇಣುಕಿತು, ಸುಳ್ಳೇಕೆ ಹೇಳಲಿ.

ಏಳನೇ ಮಂಚದ ಹಾಸಿಗೆ ಸುತ್ತಿಟ್ಟಿತ್ತು.

"ಅಜ್ಜಿಗೆ ಹುಷಾರಿಲ್ಲ ಮೇಡಂ. ಹಿಂದ್ಗಡೆ ಮಲಗಿಸಿದೀವಿ" ಎಂದರು ಮ್ಯಾನೇಜರು, ಬಲು ಮೆತ್ತಗೆ. ನಾನು ನೇರ ಹಿಂದಕ್ಕೆ ನಡೆದೆ. ಹಿಂದಿನ ಕೋಣೆಗೆ ಹೊರಗಿನಿಂದ ಚಿಲಕ ಹಾಕಿತ್ತು. ತೆಗೆದೆ. ಒಳಗೆ ಕತ್ತಲಲ್ಲಿ ಅಜ್ಜಿ ಗೋಣಿಚೀಲದ ಮೇಲೆ ಕೂತಿದ್ದರು.

ಕೈಹಿಡಿದು ಕರೆತಂದೆ. "ಇವರನ್ನ ಮತ್ತೆ ಈ ಮಂಚದಿಂದ ಎಬ್ಬಿಸಿದ್ರೆ ಸಾಹೇಬ್ರನ್ನೇ ಕರ್ಕೊಂಡ್ ಬರ್ತೀನಿ. ನಾಳೆಯಿಂದ ದಿನಾ ನಾನೇ ಬಂದು ನೋಡ್ತೀನಿ" ಎಂದೆ. ಮ್ಯಾನೇಜರು ಹಾಸಿಗೆ ಬಿಚ್ಚಿದರು.

ಅಷ್ಟರಲ್ಲಿ ಅತ್ತು ಕಣ್ಣು ಕೆಂಪಾಗಿದ್ದ ಎಂಟನೇ ಮಂಚದ ಅಜ್ಜಿ ಲೋಟದಲ್ಲಿ ನೀರು ತಂದರು. ಏಳನೇ ಮಂಚದವರು ಮುಖ ತಿರುಗಿಸಿದರು.

"ಮ್ಯಾನೇಜರ್‌ಗೆ ಇವಳೇ ಹೇಳಿರೋದು ತಾಯಿ. ನಾನು ನಿನ್ಹತ್ರ ಹೇಳಿದ್ದು ಇವಳೊಬ್ಬಳಿಗೇ ಕೇಳ್ಸಿದ್ದು. ನಾಲ್ಕು ವರ್ಷ ಒಟ್ಟಿಗೆ ಊಟ ಮಾಡಿದೀವಿ. ಇನ್ಮೇಲೆ ಇವಳ ಜೊತೆ ಮಾತಿಲ್ಲ."

ಎಂಟನೇ ಮಂಚದ ಅಜ್ಜಿ ನನ್ನನ್ನೇ ನೋಡಿದರು. ವರದಿಯಲ್ಲಿ ಬರೆದವಳು ನಾನು ಎಂದು ಹೇಳಲು ಬಾಯಿ ತೆರೆದೆ. ಮ್ಯಾನೇಜರ ಮುಂದೆ ಆಡಿದ ನಾಲಿಗೆ ಏಳನೇ ಮಂಚದ ಅಜ್ಜಿಯ ಮುಂದೆ ಏಳಲಿಲ್ಲ. ಇಡೀ ದಿನದಲ್ಲಿ ನಾನು ಅಷ್ಟು ಹೆದರಿದ್ದು ಆಗಲೇ.

"ಬರ್ತೀನಿ ಅಜ್ಜಿ" ಎಂದಷ್ಟೇ ಹೇಳಿ ಹೊರಟೆ. ಬಾಗಿಲಲ್ಲಿ ತಿರುಗಿ ನೋಡಿದಾಗ ಎಂಟನೇ ಮಂಚದ ಅಜ್ಜಿ ಲೋಟ ಹಿಡಿದು ಹಾಗೇ ನಿಂತಿದ್ದರು.