ಆರತಿ ಮತ್ತೆ ಮೇಲೆ ಹೋಗಿದೆ

ಖಾನಾಪುರದಲ್ಲಿ ಒಂದು ಗುರುವಾರದ ಭಜನೆ ಎರಡೇ ಹಾಡಿಗೆ ಮುಗಿದುಹೋಯಿತು. ಕಾರಣ ನಾನು.

ನಡುವೆ ಹಾಡಿ ಕೆಡಿಸಿದೆ ಅಂದುಕೊಳ್ಳಬೇಡಿ. ನನ್ನ ಕಂಠ ಎಂಥದ್ದೆಂದು ನನಗೆ ಗೊತ್ತು, ಅದಕ್ಕೇ ಅಲ್ಲಿ ಬಾಯಿ ಬಿಡುವುದಿಲ್ಲ. ನಾನು ಕೆಡಿಸಿದ್ದು ಡೇಟಾಬೇಸಿನಲ್ಲಿ.

ಭಜನೆ ನಡೆಯುವುದು ಸುಶೀಲಾ ಮೌಶಿಯ ಮನೆಯಲ್ಲಿ. ಮೌಶಿ ನನಗೆ ಸಂಬಂಧಿಕರೇನಲ್ಲ, ಗೆಳತಿಯೊಬ್ಬಳ ಚಿಕ್ಕಮ್ಮ. ಗೆಳತಿಗೆ ದೂರದ ಊರಿಗೆ ವರ್ಗವಾಯಿತು, ಮೌಶಿ ನನ್ನ ಪಾಲಿಗೆ ಉಳಿದರು. ಮೊದಲು ಹೊಲಿಗೆ ಕ್ಲಾಸ್ ನಡೆಸುತ್ತಿದ್ದವರು. ಮೊಣಕಾಲು ನೋವು ಹೆಚ್ಚಾದ ಮೇಲೆ ಮಷೀನುಗಳನ್ನೆಲ್ಲ ಕೊಟ್ಟುಬಿಟ್ಟರು. ಮುಂದಿನ ದೊಡ್ಡ ಕೋಣೆ ಖಾಲಿಯಾಯಿತು. ವಾರಕ್ಕೊಮ್ಮೆಯಾದರೂ ತುಂಬಲಿ ಎಂದು ಓಣಿಯ ಹೆಂಗಸರ ಮಧ್ಯಾಹ್ನದ ಭಜನೆಗೆ ಜಾಗ ಕೊಟ್ಟರು. ಉಳಿದ ದಿನ ಆ ಕೋಣೆಯಲ್ಲಿ ಫ್ಯಾನ್ ಕೂಡ ತಿರುಗುವುದಿಲ್ಲ.

ಅಲ್ಲಿ ಕನ್ನಡದ ಪದಗಳೂ ಉಂಟು, ಮರಾಠಿ ಅಭಂಗಗಳೂ ಉಂಟು. ಜಗಳ ಭಾಷೆಯದ್ದಲ್ಲ. ಯಾವುದರ ಹಿಂದೆ ಯಾವುದು ಎಂಬುದೇ ಜಗಳ. ನನ್ನ ಪದ ಆಮೇಲೆ ಯಾಕೆ? ಮುಂದಿನ ವಾರದ ಪ್ರಸಾದ ಯಾರದು ಅಂತ ಹೇಳುವುದು ಯಾವಾಗ? ಚಹಾ ನಡುವೆಯೋ, ಕೊನೆಗೋ? ಒಂದು ದಿನ ಮೌಶಿ ಬೇಸತ್ತು ನನಗೆ ಫೋನ್ ಮಾಡಿದರು.

“ತಂಗೀ, ನೀ ಕಂಪ್ಯೂಟರ್‌ದಾಕಿ. ಒಂದ್ ಏನಾರ ಮಾಡಿಕೊಡವಾ. ಯಾವ್ದರ ಹಿಂದ ಯಾವ್ದು ಅಂತ ಫೋನ್‌ದಾಗ ಕಾಣಬೇಕು. ಬ್ಯಾಡನಿಸಿದ್ರ ಮ್ಯಾಲ ಕೆಳಗ ಸರಸಾಕ ಬರಬೇಕು.”

ಇಷ್ಟೇ ತಾನೆ! ಒಂದು ಸಂಜೆಯ ಕೆಲಸ. ನನ್ನ ಬಳಿ ಇಲ್ಲದ್ದು ಬೇರೆ ಏನಾದರೂ ಇರಬಹುದು, ಸಂಜೆಗಳಿಗಂತೂ ಬರವಿಲ್ಲ. (ನಾನು ಒಬ್ಬಳೇ ಇರುವುದು ಈ ಅಂಕಣ ಓದುವವರಿಗೆ ಹೊಸ ಸುದ್ದಿಯಲ್ಲ. ಕಂಪನಿಯವರು ಬೆಳಗಾವಿಯ ಆಫೀಸು ಮುಚ್ಚಿ ಎಲ್ಲರಿಗೂ ಮನೆಯಿಂದಲೇ ಕೆಲಸ ಮಾಡಿ ಎಂದ ಮೇಲೆ, ನನ್ನ ಸಹೋದ್ಯೋಗಿಗಳೆಲ್ಲ ಸ್ಕ್ರೀನಿನ ಚೌಕಗಳಾಗಿದ್ದಾರೆ. ಮೀಟಿಂಗ್ ಮುಗಿದರೆ ಚೌಕಗಳೂ ಹೋಗುತ್ತವೆ.)

ಒಂದು ವೆಬ್ ಪೇಜ್ ಮಾಡಿದೆ. ಬೆರಳಿಟ್ಟು ಒತ್ತಿ ಹಿಡಿದು ಎಳೆದರೆ ಹಾಡು ಮೇಲೆ ಕೆಳಗೆ ಸರಿಯಬೇಕು. ಸರಿಯಿತು. ಖುಷಿಯಿಂದ ಮೌಶಿಗೆ ಲಿಂಕ್ ಕಳಿಸಿ, ಆ ಗುರುವಾರ ನಾನೇ ಖುದ್ದು ಹೋಗಿ ಕೂತೆ.

ಹಾಡು ಎತ್ತುವವರು ಶಾಂತಕ್ಕ. ಕನ್ನಡಕ ಮೂಗಿನ ತುದಿಗೆ, ಫೋನು ಮೊಣಕಾಲ ಮೇಲೆ. ಮೊದಲ ಹಾಡು ಆಯಿತು. ಪ್ರಸಾದದ ಸೂಚನೆ ಬಂತು. ಎರಡನೆಯ ಹಾಡು ಆಯಿತು. ಶಾಂತಕ್ಕ ಫೋನ್ ನೋಡಿ, ಹಿಂದೆ ಮುಂದೆ ಯೋಚಿಸದೆ, ದೊಡ್ಡ ದನಿಯಲ್ಲಿ ಆರತಿ ಎತ್ತಿಬಿಟ್ಟರು!

ಎಲ್ಲರೂ ದಡಬಡ ಎದ್ದು ನಿಂತರು. ಆರತಿ ಶುರುವಾದರೆ ಕೂರುವ ಹಾಗಿಲ್ಲ. ಅರ್ಧಕ್ಕೆ ನಿಲ್ಲಿಸುವ ಹಾಗೂ ಇಲ್ಲ. ಆರತಿ ಆದ ಮೇಲೆ ಮತ್ತೆ ಭಜನೆಗೆ ಕೂರುವ ಪದ್ಧತಿಯಂತೂ ಇಲ್ಲವೇ ಇಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತಲೇ ಪೂರ್ತಿ ಹಾಡಿದರು.

“ಹಿಂಗ್ಯಾಕಾತ?” ಎಂದರು ಯಾರೋ.

“ಆತಲ್ಲ ಇನ್ನ, ಆರತಿ ಆತು. ನಡೀರಿ,” ಎಂದರು ಶಾಂತಕ್ಕ.

ಪ್ರಸಾದ ತಗೊಂಡು ಎಲ್ಲರೂ ಮನೆಗೆ ಹೋದರು. ಚಹಾಕ್ಕೂ ನಿಲ್ಲಲಿಲ್ಲ. ಮೌಶಿ ವಾರವಿಡೀ ಕಾದಿದ್ದ ಗುರುವಾರ ಅದು.

ಏನಾಗಿತ್ತು? ಸುಲಭ ಮಾಡಿ ಹೇಳುತ್ತೇನೆ. ಹಾಡುಗಳನ್ನು ಒಂದು ಟೇಬಲ್ಲಿನಲ್ಲಿ, ಕೋಷ್ಟಕ ಅನ್ನಿ, ಇಟ್ಟಿದ್ದೆ. ಹಾಡಲ್ಲದ್ದನ್ನೆಲ್ಲ, ಅಂದರೆ ಸೂಚನೆ, ಆರತಿ, ಪ್ರಸಾದ, ಚಹಾ, ಇನ್ನೊಂದರಲ್ಲಿ. ಎರಡಕ್ಕೂ ಬೇರೆ ಬೇರೆ ನಂಬರು. ಆಸ್ಪತ್ರೆಯಲ್ಲಿ ಇಬ್ಬರು ಡಾಕ್ಟರು ಬೇರೆ ಬೇರೆ ಟೋಕನ್ ಕೊಟ್ಟು, ಒಂದೇ ಬಾಗಿಲಲ್ಲಿ ನಿಂತು “ನಂಬರ್ ಎರಡು” ಅಂದರೆ? ಇಬ್ಬರು ಏಳುತ್ತಾರೆ. ಹಾಗೆಯೇ ಎರಡನೆಯ ಹಾಡಿನ ಬೆನ್ನಿಗೇ ಎರಡನೆಯ ನಂಬರಿನ ಆರತಿ ಎದ್ದು ಬಂದಿತ್ತು. ನಾನು ಟೆಸ್ಟ್ ಮಾಡಿದ್ದು ಬರೀ ಹಾಡುಗಳನ್ನು. ಇಷ್ಟು ವರ್ಷದ ಅನುಭವಕ್ಕೆ ಏನು ಹೇಳೋಣ!

ನಾಚಿಕೆಯಿಂದ ಚಪ್ಪಲಿ ಹುಡುಕುತ್ತಿದ್ದೆ. ಮೌಶಿ ಬೈಯಲಿಲ್ಲ. ದೊಡ್ಡ ಪಾತೇಲಿಯ ಮುಚ್ಚಳ ತೆಗೆದು ತೋರಿಸಿದರು.

“ಇಷ್ಟ್ ಚಹಾ ಯಾರ್ ಕುಡೀಬೇಕ? ಕುಂದರ ಇಲ್ಲೆ.”

ಕೂತೆವು. ಖಾಲಿ ಜಮಖಾನೆಯ ಮೇಲೆ ನಾವಿಬ್ಬರೇ. ಹೊಲಿಗೆ ಕ್ಲಾಸಿನ ಹುಡುಗಿಯರ ಕತೆ, ನನ್ನ ಕಂಪನಿಯ ಚೌಕಗಳ ಕತೆ. ಮಾತಾಡಿ ಮಾತಾಡಿ ನನ್ನ ದನಿ ಒಡೆಯಿತು. ವಾರಗಟ್ಟಲೆ ಬಳಸದ ದನಿ ಅದು, ಒಡೆಯದೆ ಏನು ಮಾಡೀತು? ಬಿಸಿಲು ಇಳಿಯುತ್ತಿದ್ದಂತೆ ಮೌಶಿ ತಟ್ಟನೆ ಎದ್ದರು.

“ನೀ ಜೈನರಾಕಿ. ಹೊತ್ತು ಮುಳುಗೂದರಾಗ ಉಣ್ಣಬೇಕಲಾ ನೀ?”

ಹೌದು. ಮನೆಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲದಿದ್ದರೂ ಆ ರೂಢಿ ಬಿಟ್ಟಿಲ್ಲ. ಬೇಗ ಉಂಡು ಬೇಗ ತಾಟು ತೊಳೆದಿಟ್ಟ ಮೇಲೆ ಸಂಜೆ ಎಷ್ಟು ಉದ್ದ ಇರುತ್ತದೆ ಎಂಬುದು ಉಂಡವರಿಗೇ ಗೊತ್ತು. ಮೌಶಿ ಥಾಲಿಪೆಟ್ಟು ತಟ್ಟಿ ತಂದರು. “ಉಳ್ಳಾಗಡ್ಡಿ ಹಾಕಿಲ್ಲ ಮತ್ತ,” ಎಂದರು. ನಾನು ಈರುಳ್ಳಿ ತಿನ್ನುವುದಿಲ್ಲ ಎಂಬುದೂ ಅವರಿಗೆ ನೆನಪಿತ್ತು. ನನ್ನ ಊಟದ ಹೊತ್ತನ್ನು ಬೇರೊಬ್ಬರು ನೆನಪಿಟ್ಟು ಎದ್ದು ಎಷ್ಟು ಕಾಲವಾಗಿತ್ತೋ! ಇನ್ನೊಂದು ಕೇಳಿ ಹಾಕಿಸಿಕೊಂಡೆ.

ಮನೆಗೆ ಬಂದು ತಪ್ಪು ತಿದ್ದಿದೆ. ಕ್ರಮಕ್ಕೆಂದೇ ಮೂರನೆಯ ಟೇಬಲ್ ಮಾಡಿದೆ. ಅದರ ಕೆಲಸ ಒಂದೇ: ಇಂಥ ಜಾಗದಲ್ಲಿ ಇಂಥದ್ದು, ಅದು ಹಾಡೋ ಆರತಿಯೋ ಚಹಾವೋ, ಯಾವುದಾದರೂ ಸರಿ. ನಂಬರುಗಳ ನಡುವೆ ಬೇಕೆಂದೇ ಜಾಗ ಬಿಟ್ಟೆ. ನೂರು, ಇನ್ನೂರು, ಮುನ್ನೂರು. ನಾಳೆ ಯಾರಾದರೂ ಹೊಸ ಪದ ತಂದರೆ ನೂರೈವತ್ತರಲ್ಲಿ ಕೂರಿಸಬಹುದು, ಉಳಿದವರನ್ನು ಎಬ್ಬಿಸಬೇಕಾಗಿಲ್ಲ. ಯಾವುದನ್ನಾದರೂ ತೆಗೆದರೆ ಅದರ ಜಾಗ ಒಳಗೆ ಖಾಲಿಯೇ ಉಳಿಯುತ್ತದೆ. ಸ್ಕ್ರೀನಿನ ಮೇಲೆ ಮಾತ್ರ ಎಲ್ಲರೂ ಒತ್ತೊತ್ತಾಗಿ ಕೂತಂತೆ ಕಾಣುತ್ತದೆ. ನನ್ನ ದಿನಗಳೂ ಹೊರಗಿನವರಿಗೆ ಹಾಗೇ ಕಾಣುತ್ತಿರಬೇಕು.

ಮುಂದಿನ ಗುರುವಾರ ಭಜನೆ ಸುಸೂತ್ರವಾಗಿ ಆಯಿತಂತೆ. ಆರತಿ ಕೊನೆಗೇ ಬಂತಂತೆ. ಅಂತೆ ಯಾಕೆಂದರೆ ನನ್ನನ್ನು ಯಾರೂ ಕರೆಯಲಿಲ್ಲ. ಯಾಕೆ ಕರೆಯಬೇಕು? ನಲ್ಲಿ ಸೋರದಿದ್ದರೆ ಪ್ಲಂಬರನನ್ನು ಯಾರಾದರೂ ಕರೆಯುತ್ತಾರೆಯೇ? ಆ ಗುರುವಾರ ನಾನು ಹೊತ್ತು ಮುಳುಗುವ ಮುಂಚೆ ಒಬ್ಬಳೇ ಉಂಡು, ಬಾಲ್ಕನಿಯಲ್ಲಿ ಕೂತೆ. ಕೆಲಸ ಚೊಕ್ಕಟವಾಗಿ ಮಾಡಿದ್ದಕ್ಕೆ ಅಷ್ಟು ಬೇಜಾರು ನನಗೆ ಹಿಂದೆ ಯಾವತ್ತೂ ಆಗಿರಲಿಲ್ಲ.

ಅದರ ಮುಂದಿನ ಗುರುವಾರ ಬೆಳಿಗ್ಗೆ ಫೋನು ಬಂತು.

“ತಂಗೀ, ಆರತಿ ಮತ್ತ ಮ್ಯಾಲ ಹೋಗಿ ಕುಂತೈತಿ ನೋಡ!”

“ಒತ್ತಿ ಹಿಡದು ಕೆಳಗ ಎಳೀರಿ ಮೌಶಿ, ಬರ್ತೈತ್ರಿ.”

“ನನಗೆಲ್ಲಿ ಬರಬೇಕವಾ? ಬೆರಳ ನಡಗ್ತಾವು. ನೀ ಬಂದ್ರನ ಸರಿ ಆಕ್ಕೈತಿ ಅದು.”

ಹೋದೆ. ಆರತಿಯನ್ನು ಕೆಳಗಿಳಿಸಿದೆ. ಭಜನೆ ಆಯಿತು, ಚಹಾ ಆಯಿತು, ಎಲ್ಲರೂ ಹೋದ ಮೇಲೆ ಊಟವೂ ಆಯಿತು. ಮುಂದಿನ ವಾರ ಮತ್ತೆ ಅದೇ ಫೋನು. ಅದರ ಮುಂದಿನ ವಾರವೂ. (ಮನೆಯಲ್ಲೇ ಕೂತು ಒಂದು ಗಳಿಗೆಯಲ್ಲಿ ಸರಿ ಮಾಡಬಹುದಿತ್ತಲ್ಲ, ವೆಬ್ ಅಲ್ಲವೇ ಅದು, ಎಂದು ಕೇಳುವವರಿದ್ದೀರಿ. ಕೇಳಬೇಡಿ.)

ಆದರೆ ತಪ್ಪು ಎಲ್ಲಿದೆ? ಅದೊಂದು ನನ್ನನ್ನು ತಿನ್ನತೊಡಗಿತು. ಕೋಡನ್ನು ಸಾಲು ಸಾಲಾಗಿ ಓದಿದೆ. ಒಮ್ಮೆ ಪೂರ್ತಿ ಕಿತ್ತು ಮತ್ತೆ ಬರೆದೆ. ಆರತಿ ಮಾತ್ರ ಗುರುವಾರ ಬೆಳಿಗ್ಗೆ ತಪ್ಪದೆ ಮೇಲೆ ಹತ್ತುತ್ತಿತ್ತು. “ಯಾರರ ಕೈ ಹಚ್ಚಿರೇನ್ರಿ?” ಎಂದು ಕೇಳಿದರೆ ಮೌಶಿ, “ಅಯ್ಯ, ಯಾರ್ ಹಚ್ತಾರವಾ!” ಎನ್ನುತ್ತಿದ್ದರು. ಯಾರು ಯಾವಾಗ ಏನು ಸರಿಸಿದರು ಎಂದು ದಾಖಲು ಮಾಡುವ ವ್ಯವಸ್ಥೆ ನಾನು ಇಟ್ಟಿರಲಿಲ್ಲ. ಓಣಿಯ ಭಜನೆಗೆ ಪೊಲೀಸ್ ಪಹರೆ ಯಾಕೆ ಅಂತ.

ಕಳೆದ ಗುರುವಾರ ಬೆಳಿಗ್ಗೆ ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯ ಆಫೀಸಿನಲ್ಲಿ ಕೆಲಸವಿತ್ತು. ಬೇಗ ಮುಗಿಯಿತು. ರಸ್ತೆಗೆ ಬಂದರೆ ಎದುರಿಗೇ ಖಾನಾಪುರದ ಬಸ್ಸು. ಮೌಶಿಯ ಫೋನು ಇನ್ನೂ ಬಂದಿರಲಿಲ್ಲ. ಇವತ್ತು ಆರತಿ ಮೇಲೆ ಹತ್ತುವ ಮುಂಚೆಯೇ ಹೋಗಿ ಹಿಡಿದುಬಿಡೋಣ ಎನ್ನಿಸಿತು. ಹತ್ತಿದೆ. ಬಸ್ಸು ಮಚ್ಛೆ ಊರು ದಾಟುವ ಹೊತ್ತಿಗೆ ತಲೆಯಲ್ಲಿ ಹೊಸ ಸಂಶಯಗಳ ಪಟ್ಟಿಯೇ ತಯಾರಾಗಿತ್ತು. ಸರ್ವರ್ ಇರಬಹುದೇ? ಬ್ರೌಸರ್ ಹಳೆಯದ್ದನ್ನೇ ತೋರಿಸುತ್ತಿರಬಹುದೇ?

ಮೌಶಿಯ ಮನೆಯ ಬಾಗಿಲು ಅರ್ಧ ತೆರೆದಿತ್ತು. ಚಪ್ಪಲಿ ಬಿಡಲು ಬಗ್ಗಿದವಳು ಹಾಗೇ ನಿಂತೆ.

ಖಾಲಿ ಕೋಣೆಯ ನಡುವೆ ಮೌಶಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಂದು ಕೈಯಲ್ಲಿ ಫೋನು. ಇನ್ನೊಂದು ಕೈಯ ಬೆರಳು ಸ್ಕ್ರೀನಿನ ತಳದಲ್ಲಿ. ಸೂಜಿಗೆ ದಾರ ಪೋಣಿಸುವಾಗಿನಂತೆ ಉಸಿರು ಬಿಗಿಹಿಡಿದು, ಆರತಿಯನ್ನು ಒತ್ತಿ ಹಿಡಿದು, ಒಂದೊಂದೇ ಹಾಡು ದಾಟಿಸುತ್ತ ಮೇಲಕ್ಕೆ ಎಳೆದು ತಂದರು. ಬೆರಳು ಒಂದಿಷ್ಟೂ ನಡುಗಲಿಲ್ಲ. ಆರತಿ ಕೂತ ಮೇಲೆ ಕನ್ನಡಕ ಸರಿ ಮಾಡಿಕೊಂಡು ಯಾರಿಗೋ ಫೋನು ಹಚ್ಚಿದರು.

ಸೈಲೆಂಟಿನಲ್ಲಿದ್ದ ನನ್ನ ಫೋನು ಬ್ಯಾಗಿನೊಳಗೆ ಗುರ್ ಎಂದಿತು.

ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಓಣಿಯ ತಿರುವಿನ ತನಕ ಓಡಿದೆ. ಈ ವಯಸ್ಸಿನಲ್ಲಿ! ಉಸಿರು ನುಂಗಿ ಫೋನ್ ಎತ್ತಿದೆ.

“ತಂಗೀ, ಮತ್ತ ಮ್ಯಾಲ ಹೋಗೇತಿ ನೋಡ ಆರತಿ. ಏನ್ ಕಾಡತೈತಿ ನಮ್ಮನ್ನ!”

“ಬರ್ತೀನ್ರಿ ಮೌಶಿ. ಈಗ ಹೊಂಡ್ತೀನ್ರಿ ಮನಿ ಬಿಟ್ಟು.”

“ಸಾವಕಾಶ ಬಾ. ಉಳ್ಳಾಗಡ್ಡಿ ಹಾಕಿಲ್ಲ ಪಲ್ಯಾಕ್ಕ.”

ಮೊದಲು ಸಿಟ್ಟು ಬಂತು. ಎಷ್ಟು ದಿನ ಇಲ್ಲದ ತಪ್ಪನ್ನು ಹುಡುಕಿಸಿದರಲ್ಲ ಈ ಹೆಂಗಸು! ಆಮೇಲೆ ಖಾನಾಪುರದ ಬಸ್ ನಿಲ್ದಾಣದಲ್ಲಿ ಹೋಗಿ ಕೂತೆ. ಬೆಳಗಾವಿಯಿಂದ ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅಲ್ಲೇ ಕಳೆಯಬೇಕಿತ್ತಲ್ಲ. ಕೂತಲ್ಲೇ ಅಳು ಬಂತು. “ಬಾ, ನನಗೂ ಬೇಜಾರು” ಎಂದು ಒಂದು ಮಾತು ಹೇಳುವುದು ಇಷ್ಟು ಕಷ್ಟವೇ? ಅವರಿಗೆ ಕಷ್ಟ. ನನಗೇನು ಸುಲಭವೇ? ಸುಮ್ಮನೆ ಹೋಗಿ ಕೂರಲು ನನಗೂ ಇಷ್ಟು ದಿನ ಒಂದು ತಪ್ಪು ಬೇಕಾಗಿತ್ತು.

ಒಂದೇ ಐಟಂ ಇರುವ ಪಟ್ಟಿಯಲ್ಲಿ ಕ್ರಮ ಯಾವತ್ತೂ ತಪ್ಪುವುದಿಲ್ಲ. ಮೇಲೆ ಕೆಳಗೆ ಆಗಬೇಕಾದರೆ ಕನಿಷ್ಠ ಇನ್ನೊಂದು ಇರಬೇಕು. ನಾನು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಯೋಚಿಸಿದ್ದು ಇಷ್ಟೇ.

(ಮೌಶಿ ತರಿಸುವುದು ಮರಾಠಿ ಪೇಪರು. ಖಾನಾಪುರದ ಓದುಗರೇ, ಕೈ ಮುಗಿಯುತ್ತೇನೆ, ಇದನ್ನು ಯಾರೂ ಅವರಿಗೆ ಓದಿ ಹೇಳಬೇಡಿ.)

ಹೊತ್ತು ನೋಡಿಕೊಂಡು, ಬಸ್ಸಿನಿಂದ ಈಗಷ್ಟೇ ಇಳಿದವಳಂತೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಹೋದೆ. ಮೌಶಿ ನೀರು ಕೊಟ್ಟರು, ಫೋನು ಕೊಟ್ಟರು. ಆರತಿಯನ್ನು ಕೆಳಗೆ ಎಳೆದು ಕೂರಿಸಿದೆ. ಸುಮ್ಮನೆ ಲ್ಯಾಪ್‌ಟಾಪ್ ತೆರೆದು, ಹುಬ್ಬು ಗಂಟಿಕ್ಕಿ, ಯಾವ ದೋಷವೂ ಇಲ್ಲದ ಕೋಡನ್ನು ಬಹಳ ಹೊತ್ತು ನೋಡುತ್ತ ಕೂತೆ. ಮೌಶಿ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು. ಅವರ ಮುಖದಲ್ಲಿ ಸಣ್ಣ ಹೆದರಿಕೆಯಿತ್ತು.

“ಪೂರಾ ಸರಿ ಆತೇನವಾ?”

“ಇಲ್ರಿ ಮೌಶಿ,” ಎಂದೆ. “ಇನ್ನೂ ಭಾಳ ಕೆಲಸ ಐತ್ರಿ.”