ಬುಗುರಿ ಕೂತ ಮಧ್ಯಾಹ್ನ

ದೇವರು ಕೆಲವರನ್ನು ಸೃಷ್ಟಿಸುವಾಗ ಕಾಲುಗಳನ್ನು ಮೊದಲು ಮಾಡಿ, ಉಳಿದ ದೇಹ ಸಿದ್ಧವಾಗುವ ತನಕ ಕಾಯದೆ ಓಡಲು ಬಿಟ್ಟಿರಬೇಕು. ಏಸಿ ರಿಪೇರಿಯ ಬುಗುರಿ ಅಂಥವರಲ್ಲೊಬ್ಬ. ತಗಡು ಬಡಿದು ಗಾಳಿಕೊಳವೆ ಮಾಡುತ್ತಿದ್ದ ತಂದೆ, ಊಟದ ತಟ್ಟೆಯ ಮುಂದೆಯೂ ನೆಟ್ಟಗೆ ಕೂರದ ಮಗನಿಗೆ ಇಟ್ಟ ಅಡ್ಡಹೆಸರು ಅದು. ತಲೆ ನರೆತರೂ ಹೆಸರು ಬಿಡಲಿಲ್ಲ, ಹೆಸರಿನ ಗುಣವೂ ಬಿಡಲಿಲ್ಲ. ಚಹಾವನ್ನು ನಿಂತೇ ಕುಡಿಯುವನು. ಪ್ರಾರ್ಥನೆಗೆ ಬಂದರೆ ಬಾಗಿಲ ಬಳಿಯೇ ನಿಂತು, ಕಣ್ಣು ಮುಚ್ಚುವ ಹೊತ್ತಿನಲ್ಲಿ ಗಾಡಿಯ ಕೀಲಿಕೈ ತಡಕುವನು. ಹಾಗೆಂದು ಅವನನ್ನು ಹಗುರವಾಗಿ ಎಣಿಸಬಾರದು. ಸೆಕೆಯಲ್ಲಿ ಬೇಯುತ್ತಿರುವವರು ಕರೆದರೆ, ಬಾಯಿಗಿಟ್ಟ ತುತ್ತನ್ನು ನುಂಗುವ ಮೊದಲೇ ಹೊರಡುವ ಕರುಣೆ ಅವನದು.

ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿದವಳು ಅಕ್ಕ. ಅವಳು ಹೊಲಿಗೆಯವಳು, ಬೀದಿಯ ಅರ್ಧ ಮಕ್ಕಳು ಅವಳು ಹೊಲಿದ ಅಂಗಿಯಲ್ಲೇ ಬೆಳೆದರು. ಅಂಚಿನೊಳಗೆ ನಾಲ್ಕು ಬೆರಳಿನಷ್ಟು ಬಟ್ಟೆಯನ್ನು ಮಡಚಿ, ಇಸ್ತ್ರಿ ಒತ್ತಿ ಬಿಡುವುದು ಅವಳ ಪದ್ಧತಿ. ಮಗು ಬೆಳೆದಾಗ ಬಿಚ್ಚಿ ಉದ್ದ ಮಾಡಿಕೊಳ್ಳಬಹುದು. ಆ ನಾಲ್ಕು ಬೆರಳನ್ನು ಕತ್ತರಿಸಿ ಎಸೆಯುವುದೆಂದರೆ ಅವಳ ಪಾಲಿಗೆ ಆ ಮಗು ಬೆಳೆಯುವುದಿಲ್ಲವೆಂದು ಶಪಿಸಿದಂತೆ.

ಅಂಥ ಅಕ್ಕನಿಗೆ ನರಗಳ ಕಾಯಿಲೆ ಬಂತು. ಮೈ ಬಿಸಿಯಾದರೆ ಸಾಕು, ಕಾಲು ಸೋತು, ಕಣ್ಣು ಮಂಜಾಗಿ, ಮಲಗಿದಲ್ಲಿಂದ ಏಳಲಾರಳು. ಬಸ್ಸು ಓಡಿಸಿ ನಿವೃತ್ತನಾಗಿದ್ದ ಭಾವ ಅವಳಿಗಾಗಿಯೇ ಹಳೆಯ ಮಿನಿಬಸ್ಸೊಂದನ್ನು ಕೊಂಡು ಮನೆಗಾಡಿಯಾಗಿ ಮಾರ್ಪಡಿಸಿದ. ಹಿಂಬದಿಯಲ್ಲಿ ಅಡ್ಡಲಾಗಿ ಮಂಚ, ಪಕ್ಕದಲ್ಲಿ ಒಲೆ, ಕೈತೊಳೆಯುವ ತೊಟ್ಟಿ, ಚಾವಣಿಯ ಮೇಲೊಂದು ಏಸಿ. ಚಾವಣಿಯ ತಗಡು ಕಾಣದಂತೆ ಅಕ್ಕ ಬಿಳಿಯ ದಪ್ಪ ಬಟ್ಟೆಯ ಒಳಹೊದಿಕೆ ಹೊಲಿದುಕೊಟ್ಟಳು. ಏಸಿ ಗಾಳಿಯನ್ನು ಒಳಗೆಳೆದುಕೊಳ್ಳುವ ಜಾಲರಿಗೆ ನಡುವೆ ಚೌಕದ ಕಿಂಡಿ ಬಿಟ್ಟಳು. ಭಾವ ಅದನ್ನು ಬಿಗಿಯಾಗಿ ಜಡಿದ.

ದೂರದ ಪಟ್ಟಣದಲ್ಲಿದ್ದ ಮಗಳಿಗೆ ಚೊಚ್ಚಲ ಹೆರಿಗೆ ಹತ್ತಿರ ಬಂದಿತ್ತು. ಅಮ್ಮ ಪಕ್ಕದಲ್ಲಿರಲೇಬೇಕೆಂದು ಅವಳು ಫೋನಿನಲ್ಲಿ ಅತ್ತಿದ್ದಳು. ಮರುದಿನ ಬೆಳಿಗ್ಗೆ ಹೊರಡುವುದೆಂದು ನಿಶ್ಚಯವಾಯಿತು. ಪರೀಕ್ಷೆಗೆಂದು ಏಸಿ ಹಾಕಿದರೆ ಮುಂದಿನ ಸೀಟಿಗೆ ತಂಪು, ಹಿಂದಿನ ಮಂಚಕ್ಕೆ ಬಿಸಿಲಿನ ಬೇಗೆ. ಬುಗುರಿಗೆ ಕರೆ ಹೋಯಿತು.

"ಮುಂದೆ ಕೂತರೆ ಹಲ್ಲು ಕಟಕಟ ಅನ್ನತ್ತೆ, ಹಿಂದೆ ಹೋದರೆ ಬೆಂದುಹೋಗ್ತೀವಿ," ಎಂದ ಭಾವ. "ನಿಮ್ಮಕ್ಕನ್ನ ತೊಡೆ ಮೇಲೆ ಕೂರಿಸ್ಕೊಂಡು ಗಾಡಿ ಓಡಿಸಲೇನಪ್ಪ?"

"ಹೊಸದರಲ್ಲಿ ಕೇಳಬೇಕಿತ್ತು," ಎಂದಳು ಅಕ್ಕ, ಪರೀಕ್ಷೆಗೆಂದು ಮಲಗಿ ಬಿಸಿಗೆ ಏಳಲಾರದೆ ಉಳಿದಿದ್ದ ಮಂಚದಿಂದ. "ಈಗ ನಿಮ್ಮ ಮೊಣಕಾಲು ತಡೆಯಲ್ಲ."

ಭಾವ ನಕ್ಕ. ಆದರೆ ಬುಗುರಿಯನ್ನು ಹೊರಗೆ ಕರೆದು ದನಿ ತಗ್ಗಿಸಿದ. "ಸಂಜೆಯೊಳಗೆ ಆ ಮಂಚ ತಣ್ಣಗಾಗಲಿಲ್ಲ ಅಂದರೆ ನಾನೊಬ್ಬನೇ ಬಸ್ಸಲ್ಲಿ ಹೋಗ್ತೀನಿ. ದಾರಿಯಲ್ಲಿ ಅವಳಿಗೆ ಏನಾದರೂ ಆದರೆ ಮಗಳ ಮುಖ ನಾನು ಹೇಗೆ ನೋಡಲಿ?"

ಬುಗುರಿಯ ಎದೆಯೊಳಗೆ ಯಾರೋ ಕೀಲಿ ತಿರುವಿದಂತಾಯಿತು. ಏಸಿ ಆರಿಸಿ, ಸ್ಟೂಲು ಹತ್ತಿ, ಜಾಲರಿ ಕಳಚಿ ಮೇಲೆ ಟಾರ್ಚು ಬಿಟ್ಟ. ತಣ್ಣನೆಯ ಗಾಳಿ ಹೊರಡುವ ಭಾಗಕ್ಕೂ ಬಿಸಿಗಾಳಿ ಮರಳುವ ಭಾಗಕ್ಕೂ ನಡುವೆ ಇರುವ ತಗಡಿನ ಗೋಡೆಯಲ್ಲಿ ಉದ್ದಕ್ಕೂ ಸಂದು ಬಿಟ್ಟಿತ್ತು. ಮಂಚದತ್ತ ಹೋಗಬೇಕಾದ ತಂಪೆಲ್ಲ ಆ ಸಂದಿನಲ್ಲೇ ನುಸುಳಿ ಯಂತ್ರದ ಬಾಯಿಗೆ ವಾಪಸಾಗುತ್ತಿತ್ತು.

"ಸಿಕ್ಕಿತು ಬಿಡಿ ಭಾವ," ಎಂದು ಸಂದಿಗೆಲ್ಲ ಅಲ್ಯೂಮಿನಿಯಂ ಟೇಪು ಅಂಟಿಸಿ ಉಗುರಿನಿಂದ ಉಜ್ಜಿದ. ಮಂಚದ ಮೇಲೆ ಗಾಳಿ ಬಿಡುವ ಹಿಂದಿನ ಕಿಂಡಿಯನ್ನೂ ದಾಟಿ ಸುಮ್ಮನೆ ಮುಂದುವರಿದಿದ್ದ ಕೊಳವೆಯ ತುದಿಗೆ ಬಿರಡೆ ಹೊಡೆದ. ಏಸಿ ಹಾಕಿದಾಗ ಮಂಚದ ಮೇಲೆ ಗಾಳಿ ಭರ್ರೆಂದು ಬಂತು. ಅಕ್ಕನ ಮುಂಗುರುಳು ಹಾರಿತು. ಭಾವ ಪೆಟ್ಟಿಗೆಗಳನ್ನು ಗಾಡಿಗೆ ಏರಿಸತೊಡಗಿದ.

ಬುಗುರಿ ಉಪಕರಣಗಳ ಚೀಲ ಕಟ್ಟುವಷ್ಟರಲ್ಲಿ ಗಾಳಿ ಬಡವಾಯಿತು. ಇನ್ನಷ್ಟು ಹೊತ್ತಿಗೆ, ಅವನು ಕೈಹಾಕುವ ಮೊದಲು ಬರುತ್ತಿದ್ದ ಅಲ್ಪಸ್ವಲ್ಪ ಗಾಳಿಯೂ ಇಲ್ಲದಾಯಿತು. ಹೊರಗಿನಿಂದ ಗಾಡಿಯ ಮೇಲೆ ಹತ್ತಿ ನೋಡಿದರೆ ತಂಪು ಮಾಡುವ ಕಾಯಿಲಿನ ಮೇಲೆ ಬಿಳಿಯ ಮಂಜುಗಡ್ಡೆ. ಅವನ ಮುಖದ ನೀರಿಳಿಯಿತು. ಸರಿಪಡಿಸಿದ ಮೇಲೆ ಕೆಡುವ ಯಂತ್ರವನ್ನು ಅವನು ಕಂಡಿರಲಿಲ್ಲ.

ಆಮೇಲೆ ಅವನಿಗೆ ಕಾಲು ನಿಲ್ಲಲಿಲ್ಲ. ಫ್ಯಾನಿನ ಕೆಪಾಸಿಟರ್ ಸೋತಿರಬೇಕೆಂದು ಅಂಗಡಿಗೆ ಓಡಿ ಹೊಸದು ತಂದ. ಫಿಲ್ಟರ್ ತೊಳೆದ. ಮಂಜುಗಡ್ಡೆ ಕರಗುವ ತನಕ ಗಾಡಿಯ ಸುತ್ತ ಸುತ್ತಿದ, ಟಯರುಗಳನ್ನು ಒದ್ದ. ಪ್ರತಿ ಸಲವೂ ಏಸಿ ಆರಿಸಿ, ಜಾಲರಿ ಕಳಚಿ, ತಡಕಿ, ಮತ್ತೆ ಮುಚ್ಚಿ, ಸ್ವಿಚ್ ಒತ್ತಿ, ಕಾಯಿಲು ಮುಟ್ಟಲು ಚಾವಣಿಗೆ ಜಿಗಿಯುವನು. ಪ್ರತಿ ಸಲವೂ ಗಾಳಿ ಮೊದಲು ಆಸೆ ತೋರಿಸಿ, ಅವನು ಮೇಲೇರುವಷ್ಟರಲ್ಲಿ ಸೊರಗುವುದು. ಬಿಸಿಲು ತಗಡನ್ನು ಕಾಯಿಸುತ್ತಿತ್ತು. ಅಕ್ಕನ ಕೈಯಿಂದ ಲೋಟ ಜಾರಿ ಬಿತ್ತು. ಅವಳು ಅದನ್ನು ನೋಡದವಳಂತೆ ಇದ್ದಳು.

"ಬಾ, ಒಂದು ಗುಟುಕು ನೀರು ಕುಡಿ."

"ಆಮೇಲೆ ಅಕ್ಕ."

"ಅಲ್ಲಿ ಮೇಲ್ಗಡೆ ನೋಡೋ, ಆ ಬಟ್ಟೆ..."

"ಬಂದೆ, ಬಂದೆ," ಎನ್ನುತ್ತ ಅವನು ಆಗಲೇ ಕೆಳಗಿಳಿದಿದ್ದ.

ಭಾವ ಏರಿಸಿದ್ದ ಪೆಟ್ಟಿಗೆಗಳನ್ನು ಒಂದೊಂದಾಗಿ ಇಳಿಸತೊಡಗಿದ. ಪೆಟ್ಟಿಗೆ ಇಳಿಯುವ ಒಂದೊಂದು ಸದ್ದೂ ಬುಗುರಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಏಸಿಯನ್ನು ಮತ್ತೊಮ್ಮೆ ಹಾಕಿ, ಸ್ಪಾನರ್ ಎತ್ತಿಕೊಳ್ಳಲು ಮಂಚದ ಪಕ್ಕಕ್ಕೆ ಬಾಗಿದಾಗ, ಅಕ್ಕ ಅವನ ಅಂಗಿಯ ತುದಿ ಹಿಡಿದಳು. ಹಿಡಿತದಲ್ಲಿ ಬಲವಿರಲಿಲ್ಲ. ಕೊಸರಿಕೊಂಡು ಹೋಗಬಹುದಿತ್ತು.

"ಕೂತ್ಕೋ."

"ಹೊತ್ತಿಲ್ಲ ಅಕ್ಕ."

"ನಿನಗೆ ಯಾವತ್ತು ಇತ್ತು ಹೊತ್ತು? ನನಗೆ ಏಳಕ್ಕಾಗಲ್ಲ, ನಿನಗೆ ಕೂರಕ್ಕಾಗಲ್ಲ. ಇಬ್ಬರಲ್ಲಿ ಕಾಯಿಲೆ ಯಾರಿಗೆ ಅಂತ ಡಾಕ್ಟರನ್ನೇ ಕೇಳಬೇಕು."

ಅವನು ಮುಳ್ಳಿನ ಮೇಲೆ ಕೂತಂತೆ ಮಂಚದಂಚಿನಲ್ಲಿ ಕೂತ. ಮೊಣಕಾಲು ತಾನಾಗಿ ಕುಣಿಯಿತು. ಅಕ್ಕ ಅದರ ಮೇಲೆ ಕೈಯಿಟ್ಟಳು. ಜೇಬಿನಲ್ಲಿ ಫೋನು ಗುನುಗಿತು, ಅದನ್ನೂ ಎತ್ತಗೊಡಲಿಲ್ಲ. "ಈಗ ಮೇಲೆ ನೋಡು. ಬೆಳಿಗ್ಗೆಯಿಂದ ನನಗಿರೋದು ಅದೊಂದೇ ಸಿನಿಮಾ."

ಚಾವಣಿಯ ನಡುವೆ ಜಾಲರಿಯಿತ್ತು. ಏಸಿಯ ಸದ್ದು ಗಟ್ಟಿಯಾಗುತ್ತಿದ್ದಂತೆ, ಚೌಕದ ಕಿಂಡಿಯ ಅಂಚಿನಿಂದ ಬಿಳಿಯ ಬಟ್ಟೆಯೊಂದು ನಾಲಗೆಯಂತೆ ಮೆಲ್ಲಗೆ ಹೊರಬಂತು. ಎದುರಿನ ಅಂಚಿನಿಂದ ಇನ್ನೊಂದು. ಎರಡೂ ನಡುಗುತ್ತ ಮೇಲೆದ್ದು ಜಾಲರಿಗೆ ಅಂಟಿಕೊಂಡವು. ಗಾಳಿ ಸೊರಗಿತು.

ಬುಗುರಿ ಉಸಿರು ಹಿಡಿದ. ಅಂಚಿನೊಳಗೆ ಅಕ್ಕ ಮಡಚಿ ಬಿಟ್ಟ ನಾಲ್ಕು ಬೆರಳು ಬಟ್ಟೆ. ಏಸಿ ಆರಿಸಿದೊಡನೆ, ಅವಳ ಇಸ್ತ್ರಿಯ ಮಡಿಕೆಗೆ ವಿಧೇಯವಾಗಿ ಅದು ಒಳಗೆ ಸರಿದು ಅಡಗುತ್ತಿತ್ತು; ಆರಿಸಿಯೇ ನೋಡುತ್ತಿದ್ದ ಅವನಿಗೆ ಕಾಣುವುದೆಂತು? ಮೊದಲು ಯಂತ್ರಕ್ಕೆ ಬೇಕಾದ ಗಾಳಿಯಲ್ಲಿ ಅಷ್ಟಿಷ್ಟು ಆ ಸಂದಿನಿಂದ ಸಿಗುತ್ತಿತ್ತು. ಸಂದು ಮುಚ್ಚಿದವನು ತಾನೇ. ಈಗ ಅದು ತನ್ನೆಲ್ಲ ಬಲದಿಂದ ಈ ಕಿಂಡಿಯನ್ನೇ ಹೀರಿ, ತನ್ನ ಮೂಗನ್ನು ತಾನೇ ಮುಚ್ಚಿಕೊಳ್ಳುತ್ತಿತ್ತು. ಒಳಗೆ ತೆಗೆದುಕೊಳ್ಳಲು ಬಿಡುವಿಲ್ಲದ್ದು ಹೊರಗೆ ಏನನ್ನು ಕೊಟ್ಟೀತು? ಅಕ್ಕ ಬೆಳಿಗ್ಗೆಯಿಂದ ಚಾಚುತ್ತಿದ್ದ ನೀರಿನ ಲೋಟ ಅವನ ನೆನಪಿಗೆ ಬಂತು. ಮಂಚದ ಬಳಿಯಿದ್ದ ತಂಬಿಗೆ ಎತ್ತಿ ಗಟಗಟ ಕುಡಿದ.

"ಮೊದಲೇ ಹೇಳಬಾರದಿತ್ತಾ ಅಕ್ಕ?"

"ನನ್ನ ಮಾತು ಮುಗಿಯೋಷ್ಟರಲ್ಲಿ ನೀನು ಬೀದಿಯಲ್ಲಿರ್ತೀಯ. ಆಮೇಲೆ, ಅದೂ ಪಾಪ ಉಸಿರಾಡ್ತಾ ಇದೆ ಅಂದ್ಕೊಂಡೆ."

ಬಾಗಿಲಲ್ಲಿ ಪೆಟ್ಟಿಗೆ ಹಿಡಿದು ನಿಂತಿದ್ದ ಭಾವ ಕತ್ತೆತ್ತಿ ನೋಡಿದ. "ಚಾವಣಿಗೂ ಬೆಳೆಯೋಕೆ ಬಟ್ಟೆ ಬಿಟ್ಟಿದ್ದೀಯಲ್ಲ ಮಾರಾಯ್ತಿ."

"ಮುಂದೆ ದೊಡ್ಡ ಗಾಡಿ ತಗೊಂಡರೆ ಬೇಕಾಗತ್ತೆ ಅಂತ," ಎಂದಳು ಅವಳು. ಆಮೇಲೆ ದಿಂಬಿನಡಿಯಿಂದ ಕತ್ತರಿ ತೆಗೆದುಕೊಟ್ಟಳು. ತನ್ನ ಹೊಲಿಗೆಯೊಳಗೆ ಕತ್ತರಿಯಾಡಿಸಲು ಅವಳು ಯಾರಿಗೂ ಬಿಟ್ಟವಳಲ್ಲ. "ಹರೀಬೇಡ. ಹೊಲಿಗೆ ಪಕ್ಕದಲ್ಲೇ, ನಿಧಾನಕ್ಕೆ."

ಬುಗುರಿ ಏಸಿ ಆರಿಸಿ, ಸ್ಟೂಲಿನ ಮೇಲೆ ನಿಂತು, ಜೀವಮಾನದಲ್ಲಿ ಮೊದಲ ಬಾರಿಗೆ ನಿಧಾನವಾಗಿ ಒಂದು ಕೆಲಸ ಮಾಡಿದ. ಬೆವರು ಕಣ್ಣಿಗಿಳಿದರೂ ಕತ್ತರಿ ಓಡಿಸಲಿಲ್ಲ. ಬಿದ್ದ ಪಟ್ಟಿಗಳನ್ನು ಅಕ್ಕ ಸುರುಳಿ ಸುತ್ತಿ ದಿಂಬಿನಡಿಗೆ ತಳ್ಳಿದಳು.

"ಅದ್ಯಾಕೆ ಇನ್ನೂ?" ಎಂದ ಭಾವ.

"ಕೂಸಿಗೆ ಬೇಕಾಗತ್ತೆ."

ಇನ್ನು ಮಂಜುಗಡ್ಡೆ ಕರಗುವ ತನಕ ಕಾಯಬೇಕಿತ್ತು. ಬುಗುರಿ ಕಾದ. ಬಿಸಿಲು ಕಿಟಕಿಯಿಂದ ಇಳಿಯುತ್ತಿತ್ತು, ಕಾಲು ಹೊರಡೋಣವೆನ್ನುತ್ತಿತ್ತು. ಬಾಗಿಲ ಬಳಿ ನಿಂತು ಎಂದೂ ಮುಗಿಸದ ಪ್ರಾರ್ಥನೆಯನ್ನು ಅವನು ಅಂದು ಮಂಚದ ಅಂಚಿನಲ್ಲಿ ಕೂತು, ಕಣ್ಣು ಮುಚ್ಚಿ, ಕೊನೆಯ ತನಕ ಹೇಳಿದ. ಆಮೇಲೆ ಭಾವನೇ ಸ್ವಿಚ್ ಒತ್ತಿದ.

ಗಾಳಿ ಬಂತು. ಮೂವರೂ ಅದನ್ನು ನಂಬದೆ ಕೂತರು. ಸೊರಗುವ ಹೊತ್ತು ಬಂತು, ಕಳೆಯಿತು; ಗಾಳಿ ಸೊರಗಲಿಲ್ಲ. ಜಾಲರಿ ಬರಿದಾಗಿ ಕಾಣುತ್ತಿತ್ತು. ಬುಗುರಿ ಮಾತ್ರ ಅದರಿಂದ ಕಣ್ಣು ಕೀಳಲಿಲ್ಲ, ಇನ್ನೊಂದು ನಾಲಗೆ ಎಲ್ಲಿಂದಾದರೂ ಹೊರಬಂದೀತೆಂದು.

"ಲೋ," ಎಂದಳು ಅಕ್ಕ, ಕಾಲು ಮಡಚಿಕೊಳ್ಳುತ್ತ. ಕಾಲು ಮಡಚಿತು. "ಆ ಶಾಲು ಕೊಡೋ. ಚಳಿ."

ಮಾತು ಮುಗಿಯುವ ಮೊದಲೇ ಅವನು ಎದ್ದಿದ್ದ.

"ಕೊಟ್ಟು ಕೂತ್ಕೋ," ಎಂದಳು.

ಹೊರಗೆ ಭಾವ ಪೆಟ್ಟಿಗೆಗಳನ್ನು ಮತ್ತೆ ಏರಿಸುವ ಸದ್ದು ಕೇಳುತ್ತಿತ್ತು. ಬುಗುರಿ ಶಾಲು ಹೊದಿಸಿದ. ಒಮ್ಮೆ ಬಾಗಿಲತ್ತ ನೋಡಿದ. ಕೂತ.