ಯಾವ ಸ್ವಾತಂತ್ರ್ಯ, ಎಲ್ಲಾರ್ದೋ ನಮ್ದೋ

ರುಮೇನಿಯಾದ ಒಂದು ಹಾಸ್ಯ ಸಿನಿಮಾದ ಬಗ್ಗೆ ಆಳಂದದಲ್ಲಿ ಕೂತು ಜಗಳ ತೆಗೆದವರು ನನ್ನನ್ನು ಬಿಟ್ಟರೆ ಬೇರೆ ಯಾರೂ ಇರಲಿಕ್ಕಿಲ್ಲ. ಕತೆ ಇಷ್ಟೆ: ಅಲ್ಲಿ ಕಮ್ಯುನಿಸ್ಟ್ ಆಡಳಿತ ಬಿದ್ದ ದಿನ ಪುರಸಭೆಯ ಗೋಡೆಯಿಂದ ನಾಯಕನ ಫೋಟೊ ಇಳಿಸಿದ್ದು ಯಾರು? ಎಷ್ಟೋ ವರ್ಷಗಳ ಮೇಲೆ ಮೂವರು ಮುದುಕರು ‘ನಾನೇ’ ಎನ್ನುತ್ತಾರೆ. ಇಡೀ ಸಿನಿಮಾದಲ್ಲಿ ಒಬ್ಬರೂ ನಗುವುದಿಲ್ಲ. ನಾನು ಓದಿದ ವಿಮರ್ಶಕರು ಮಾತ್ರ ನಕ್ಕು ಸುಸ್ತಾಗಿದ್ದರು. ಎಲ್ಲರೂ ಒಂದೇ ಮಾತು ಹೇಳಿದರೆ ಎದುರು ಪಕ್ಷ ಹಿಡಿಯುವುದು ಚರ್ಚಾಸ್ಪರ್ಧೆಗಳಿಂದ ನನಗೆ ಅಂಟಿದ ಚಟ. ಜೇವರ್ಗಿಯ ಸಣ್ಣ ಪತ್ರಿಕೆಯೊಂದಕ್ಕೆ ಖಂಡಿಸಿ ಬರೆದೆ. ಅಚ್ಚಾಗಲಿದ್ದ ನನ್ನ ಮೊದಲ ಬರಹ ಅದು. ಇಡೀ ವಾದ ಕಡೆಯ ಸಾಲಿನ ಮೇಲೆ ನಿಂತಿತ್ತು: ‘ಆಡಳಿತ ಬದಲಾದ ದಿನ ತಾನೆಲ್ಲಿದ್ದೆ ಎಂಬುದನ್ನು ಯಾರೂ ಮರೆಯುವುದಿಲ್ಲ, ಈ ಸಿನಿಮಾ ಸುಳ್ಳು.’

ಅಚ್ಚಿಗೆ ಹೋಗುವ ದಿನ ಮಧ್ಯಾಹ್ನ, ಸಾಕ್ಷಿ ಇರಲಿ ಎಂದು ನನ್ನ ತಾತನನ್ನು ಕೇಳಿದೆ.

“ಸ್ವಾತಂತ್ರ್ಯ ಬಂದ ದಿನ ಎಲ್ಲಿದ್ದಿ ಮುತ್ಯಾ?”

“ಯಾವ ಸ್ವಾತಂತ್ರ್ಯ? ಎಲ್ಲಾರ್ದೋ, ನಮ್ದೋ?”

ಮೊದಲ ಪೆಟ್ಟು ಅಲ್ಲೇ ಬಿತ್ತು. ದೇಶಕ್ಕೆ ಸ್ವಾತಂತ್ರ್ಯ ಬಂದು ವರ್ಷ ದಾಟಿದ ಮೇಲೆ ನಮ್ಮ ಕಡೆ ನಿಜಾಮನ ಆಡಳಿತ ಹೋಯಿತೆಂದು ಪ್ರತಿ ಸೆಪ್ಟೆಂಬರಿನಲ್ಲಿ ಭಾಷಣ ಮಾಡಿ ಬಹುಮಾನ ತಂದವಳು ನಾನೇ, ಕೇಳುವಾಗ ಅದನ್ನೇ ಮರೆತಿದ್ದೆ.

“ನಮ್ದು.”

“ಕೊಳಕೂರಾಗ ಇದ್ದೆ. ಸಾಲಿ ಮುಂದ ಝಂಡಾ ಏರಿಸಿದ್ರು. ಹಗ್ಗ ನಾನೇ ಹಿಡದಿದ್ದೆ.”

ಜೋಳ ಹಸನು ಮಾಡುತ್ತಿದ್ದ ಆಯಿ, ಅಂದರೆ ನನ್ನ ಅಜ್ಜಿ, ತಲೆ ಎತ್ತಲಿಲ್ಲ. “ಕೊಳಕೂರಾಗ ಯಾರಿದ್ರು? ನಿಜಾಮನ ರಜಾಕಾರರ ಹೆದರಿಕಿಗಿ ನಿಮ್ಮ ಮಂದಿ ಎಲ್ಲಾ ಹೊಳಿ ದಾಟಿ ಸಿಂದಗಿ ಕಡಿ ಹೋಗಿದ್ರು. ನಿಮ್ಮವ್ವನೇ ನನಗ ಹೇಳ್ಯಾಳ.”

“ನಾ ಹಿಂದ ಉಳದಿದ್ದೆ.”

“ಒಬ್ರೇ? ಏಳು ವರ್ಷದ ಕೂಸು?”

“ಏಳಲ್ಲ, ಎಂಟು.”

“ಹಗ್ಗ ಎಮ್ಮೀದಿರಬೇಕು, ನೆನಸ್ಕೋರಿ.”

ಮುತ್ಯಾ ಸಿಟ್ಟಾಗಲಿಲ್ಲ. “ಎಮ್ಮಿ ಹಗ್ಗನೂ ಹಿಡದಿದ್ದೆ. ಅದು ಬ್ಯಾರೆ ಹಗ್ಗ” ಎಂದರು. ಆಮೇಲೆ, “ನೀ ಎಲ್ಲಿದ್ದಿ ಬೇ?”

“ಕಿಣ್ಣಿ ಸುಲ್ತಾನದಾಗ, ನಮ್ಮ ತವರೂರಾಗ. ತೊಟ್ಟಲದಾಗ ಇದ್ದೆ. ಆದ್ರ ಪೇಡಾ ಹಂಚಿದ್ದು ನೆನಪದ.”

ಇಬ್ಬರ ಮುಖದಲ್ಲೂ ನಗೆಯಿಲ್ಲ. ನನಗೆ ನಗು ಬಂತು, ಬೆನ್ನಿಗೇ ನಾಚಿಕೆಯೂ. ಮುತ್ಯಾ ಸುಳ್ಳು ಹೇಳುವವರಲ್ಲ. ಆಯಿ ಹೇಳಿದ್ದೂ ಖರೆ ಇರಬೇಕು. ಹಾಗೆ ನೋಡಿದರೆ ಇಬ್ಬರೂ ಏನನ್ನೂ ಮರೆತಿಲ್ಲವಲ್ಲ. ನಡೆದದ್ದಕ್ಕಿಂತ ಹೆಚ್ಚೇ ನೆನಪಿದೆ. ಹಾಗಾದರೆ ನನ್ನ ವಾದ ಗೆದ್ದಿತೋ ಸೋತಿತೋ?

ಸಂಪಾದಕರಿಗೆ ಫೋನ್ ಮಾಡಿ ಕಡೆಯ ಸಾಲು ತೆಗೆಯಲು ಹೇಳಿದೆ.

“ಯಾಕವ್ವ, ತಪ್ಪದೇನು?”

“ಗೊತ್ತಾಗವಲ್ದ್ರಿ ಸರ್.”

“ಅದನ್ನ ತೆಗದ್ರ ನೀ ಹೊಗಳಾಕತ್ತೀಯೋ ಬೈಯಾಕತ್ತೀಯೋ ತಿಳಿಯಂಗಿಲ್ಲ.”

“ನನಗೂ ತಿಳಿವಲ್ದ್ರಿ.”

ಅತ್ತ ಕಡೆ ಕಾಗದ ಸರಿಸಿದ ಸದ್ದು. “ಬೀಜದಂಗಡಿ ಜಾಹೀರಾತು ಒಂದ ಅದ, ಎರಡ ಸಾಲಿಂದು. ಆ ಜಾಗಾದಾಗ ಹಾಕ್ಲೇನು?”

“ಹಾಕ್ರಿ” ಎಂದೆ.